ಟಿಸಿ ತಗೊಂಡ ಮೇಲೆ ಯಾವ ಕಾಲೇಜು?

ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಜೂನ್ ಬಂದರೆ ಸಾಕು, ನೇರಳೆ ಟೋಪಿ ಹಾಕಿಕೊಂಡು ತಾವು ಓದಿದ ವಿಲಿಯಮ್ಸ್ ಕಾಲೇಜಿಗೆ, ಹಳೇ ವಿದ್ಯಾರ್ಥಿಗಳ ಕೂಟಕ್ಕೂ ಮೆರವಣಿಗೆಗೂ ಹೊರಡುತ್ತಾರೆ. ನಾವಿರುವ ಅಮೆರಿಕದ ಆಲ್ಬನಿಯಿಂದ ಅದು ಹೆಚ್ಚುಕಮ್ಮಿ ಗಂಟೆ ದಾರಿ. ಈ ಸಲ ಕಾರು ಹತ್ತುವ ಮುಂಚೆ, ನೀನು ನಿನ್ನ ಕಾಲೇಜಿಗೆ ಯಾವಾಗ ಹೋಗಿದ್ದೆ ಅಂತ ಕೇಳಿದರು. ನಾನು ಊರಿನ ನನ್ನ ಕಾಲೇಜಿಗೆ ಕೊನೇ ಸಲ ಹೋಗಿದ್ದು ಟ್ರಾನ್ಸ್‌ಕ್ರಿಪ್ಟ್ ತರೋಕೆ. "ಚಲನ್ ಕಟ್ಟಿ, ಊಟ ಆದ್ಮೇಲೆ ಬನ್ನಿ" ಅಂದಿದ್ದರು, ಮುಖ ಕೂಡ ಎತ್ತದೆ. ಅಜ್ಜನಿಗೆ ಇದನ್ನೆಲ್ಲ ಹೇಗೆ ಹೇಳೋದು? ಬಹಳ ದಿನ ಆಯ್ತು ಅಂದೆ. ಚುಚ್ಚಿದ್ದಂತೂ ನಿಜ.

ಅವರ ಕಾಲೇಜು 1793ರದ್ದು. ಮ್ಯಾಸಚೂಸೆಟ್ಸ್‌ನ ವಾಯವ್ಯ ಮೂಲೆ, ಸುತ್ತ ಬರೀ ಬೆಟ್ಟ. ಈ ಕೊಂಪೆಯಲ್ಲಿ ಕಾಲೇಜು ಉಳಿಯೋದಿಲ್ಲ ಅನ್ನುವ ಮಾತು ಆಗಿನಿಂದಲೂ ಇತ್ತು. 1821ರಲ್ಲಿ ಕಾಲೇಜಿನ ಅಧ್ಯಕ್ಷ ಮೂರ್ ಅವರೇ ಒಂದಷ್ಟು ಹುಡುಗರ ಜೊತೆ ಆಮ್‌ಹರ್ಸ್ಟ್‌ಗೆ ಹೋಗಿ ಹೊಸ ಕಾಲೇಜಿನ ಮುಖ್ಯಸ್ಥರಾದರು. ಹೋಗುವಾಗ ಲೈಬ್ರರಿ ಪುಸ್ತಕಗಳನ್ನೂ ಹೊತ್ತೊಯ್ದರು ಅಂತ ಒಂದು ಕಥೆ. ಪುರಾವೆ ಇಲ್ಲ. ಹೇಳೋದನ್ನು ಮಾತ್ರ ಬಿಟ್ಟಿಲ್ಲ.

ಆಗ ಬಾಗಿಲು ಹಾಕದ ಹಾಗೆ ನೋಡಿಕೊಂಡವರಲ್ಲಿ ಹಳೇ ವಿದ್ಯಾರ್ಥಿಗಳೂ ಇದ್ದರು. ಅದೇ ವರ್ಷ ಸೇರಿ ಸಂಘ ಕಟ್ಟಿದರು. ಅದು ಇವತ್ತಿಗೂ ನಡೀತಿದೆ. ನಮ್ಮಲ್ಲಿ ಪ್ರಿನ್ಸಿಪಾಲರು ಹೀಗೆ ಹೋಗಿದ್ದರೆ? ಪೇಪರಿನಲ್ಲಿ ಓದಿ, "ಅಯ್ಯೋ, ನಾನೂ ಅಲ್ಲೇ ಓದಿದ್ದು" ಅಂದು ಕಾಫಿ ಕುಡಿದಿರುತ್ತಿದ್ದೆವು.

ಹಾಗಂತ ಅಲ್ಲಿ ಆಗಿನ ಹುಡುಗರ ದಿನ ಸುಖದ್ದೇನಾಗಿರಲಿಲ್ಲ. ಬೆಳಿಗ್ಗೆ ಗಂಟೆ ಹೊಡೆದರೆ ಪ್ರಾರ್ಥನೆಗೆ ಹೋಗಲೇಬೇಕಿತ್ತು. ಆಮೇಲೆ ಲ್ಯಾಟಿನ್, ಗ್ರೀಕ್ ಪಾಠ ಒಪ್ಪಿಸಬೇಕಿತ್ತು. ಆದರೆ ಮೇಷ್ಟ್ರು ಆಲ್ಬರ್ಟ್ ಹಾಪ್ಕಿನ್ಸ್ ಅದೇ ಹುಡುಗರನ್ನು ಕಟ್ಟಿಕೊಂಡು ನಕ್ಷತ್ರ ನೋಡಲು ಒಂದು ವೀಕ್ಷಣಾಲಯವನ್ನೇ ಎಬ್ಬಿಸಿದರು. 1838ರದ್ದು, ಇನ್ನೂ ನಿಂತಿದೆ. ಕೈಯಾರೆ ದುಡಿದ ಜಾಗದ ಮೇಲೆ ಮಮತೆ ಹುಟ್ಟದೆ ಇರುತ್ತಾ? ನಮ್ಮ ಕಾಲೇಜಿನ ಗೋಡೆಗೆ ನಾವು ಕೊಟ್ಟಿದ್ದು ಕಂಪಾಸಿನಲ್ಲಿ ಕೆತ್ತಿದ ಹೆಸರು ಮಾತ್ರ.

ಇನ್ನು ಆಟ. 1859ರ ಜುಲೈ 1ರಂದು ಪಿಟ್ಸ್‌ಫೀಲ್ಡ್‌ನಲ್ಲಿ, ಅಮೆರಿಕದ ಎರಡು ಕಾಲೇಜುಗಳ ನಡುವಿನ ಮೊದಲ ಬೇಸ್‌ಬಾಲ್ ಪಂದ್ಯ ನಡೆಯಿತು. ಎದುರಾಳಿ ಅದೇ ಆಮ್‌ಹರ್ಸ್ಟ್. 73–32ರಲ್ಲಿ ವಿಲಿಯಮ್ಸ್ ಮಣ್ಣು ಮುಕ್ಕಿತು. ಚೆಸ್ಸೂ ಇತ್ತು, ಅದನ್ನೂ ಸೋತರು. ಅಜ್ಜ ಈ ಸೋಲನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ, ಅಂಪೈರ್ ಮೇಲೆ ಒಂದಿಷ್ಟು ಸಿಟ್ಟೂ ಸೇರಿಸಿ.

ಇಷ್ಟೆಲ್ಲ ಹೊಗಳಿದ ಮೇಲೆ ಇದನ್ನೂ ಹೇಳಬೇಕಲ್ಲ. ಅಲ್ಲಿ ಕಪ್ಪು ವಿದ್ಯಾರ್ಥಿಯೊಬ್ಬ ಮೊದಲ ಸಲ ಪದವಿ ಪಡೆದದ್ದು 1889ರಲ್ಲಿ. ಹೆಣ್ಣುಮಕ್ಕಳು ಬರೋಕೆ 1970ರ ಹೊತ್ತಾಯಿತು. "ನಮ್ಮ ಕಾಲೇಜು" ಅನ್ನುವ ಮಾತಿನಲ್ಲಿ ಯಾರ‍್ಯಾರು ಇರಲಿಲ್ಲ, ಲೆಕ್ಕ ಹಾಕಿಕೊಳ್ಳಿ.

ಗಾರ್ಫೀಲ್ಡ್ ವಿಷಯ ಬೇರೆ. ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿ, ಕಾಲುವೆ ದೋಣಿಯಲ್ಲಿ ದುಡಿದವನು. 1856ರಲ್ಲಿ ವಿಲಿಯಮ್ಸ್‌ನಲ್ಲಿ ಪದವಿ ಪಡೆದ. ಮುಂದೆ ಅಮೆರಿಕದ ಅಧ್ಯಕ್ಷನಾದ. 1881ರ ಜುಲೈ 2ರಂದು ಅವನಿಗೆ ಗುಂಡು ಬಿದ್ದದ್ದು ವಾಷಿಂಗ್ಟನ್ನಿನ ರೈಲ್ವೆ ಸ್ಟೇಷನ್ನಿನಲ್ಲಿ. ಹೊರಟಿದ್ದು ಇದೇ ಕಾಲೇಜಿಗೆ, ಬ್ಯಾಚಿನವರನ್ನು ನೋಡೋಕೆ! ಆದರೆ ಅವನ ಹೆಸರಿನಲ್ಲಿ ಉಳಿದ ಮಾತು ಕಟ್ಟಡದ್ದೂ ಅಲ್ಲ, ಬ್ಯಾಚಿನದ್ದೂ ಅಲ್ಲ. ದಿಮ್ಮಿಯ ಒಂದು ತುದಿಗೆ ಅವನಿಗೆ ಪಾಠ ಹೇಳಿದ ಮೇಷ್ಟ್ರು, ಕಾಲೇಜಿನ ಆಗಿನ ಅಧ್ಯಕ್ಷರೂ ಆಗಿದ್ದ ಮಾರ್ಕ್ ಹಾಪ್ಕಿನ್ಸ್, ಇನ್ನೊಂದು ತುದಿಗೆ ವಿದ್ಯಾರ್ಥಿ ಕೂತರೆ ಅದೇ ಕಾಲೇಜು ಅನ್ನುವ ಅರ್ಥದ ಮಾತು ಅದು.

ಅಂದರೆ ಮೇಷ್ಟ್ರು. ಅಲ್ಲಿ ನಾವೇನೂ ಹಿಂದಿಲ್ಲ, ಒಪ್ಪಲೇಬೇಕು. ಊರೂರಲ್ಲಿ ಗುರುವಂದನೆ ನಡೀತಿದೆ. ನಡುಗುವ ಕೈಯ ಮೇಷ್ಟ್ರ ಕಾಲಿಗೆ ಐವತ್ತು ದಾಟಿದ ಇಂಜಿನಿಯರ್ ಬೀಳುತ್ತಾನೆ. ಅಜ್ಜನ ಮೆರವಣಿಗೆಯಲ್ಲಿ ಅದನ್ನು ಕಾಣೆ. ನಮ್ಮ ಬ್ಯಾಚಿನವರೂ ಡಿಸೆಂಬರಿಗೆ ಇಟ್ಟುಕೊಂಡಿದ್ದಾರೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಗೊತ್ತಾಗಿದೆ. ಜೊತೆಗೆ ಸೋರುವ ಲೈಬ್ರರಿ ಸೂರಿಗೂ ಒಂದಿಷ್ಟು ಎತ್ತೋಣ ಅಂತ ಗ್ರೂಪಿನಲ್ಲಿ ಹಾಕಿದೆ. ಹೆಬ್ಬೆರಳು ಬೇಕಾದಷ್ಟು ಬಿದ್ದಿವೆ. ದುಡ್ಡು ಯಾರಿಗೆ ಕಳಿಸಬೇಕು ಅಂತ ಮಾತ್ರ ಇನ್ನೂ ಯಾರೂ ಕೇಳಿಲ್ಲ.