ಹಳೇ ಪೇಪರ್ ಅಂಗಡಿಯ ತಕ್ಕಡಿಯೂ ನಮ್ಮ ಅಮೆರಿಕ ಯಾತ್ರೆಯೂ

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೊರಟ ನಮಗೆ ವಿಮಾನ ಕಂಪನಿಯವರು ವಿಧಿಸಿದ್ದ ನಿಯಮ ಬಹಳ ಚಿಕ್ಕದು. ತಲೆಗೆ ಎರಡು ಸೂಟ್‌ಕೇಸು, ಒಂದೊಂದೂ 23 ಕೆ.ಜಿ. ಮೀರಬಾರದು. ಇಬ್ಬರಿಗೆ ಒಟ್ಟು 92 ಕೆ.ಜಿ. ಅಷ್ಟರಲ್ಲಿ ಒಂದು ಸಂಸಾರವನ್ನೇ ಸಾಗಿಸಬಹುದಲ್ಲ ಎಂದು ನಾನು ತಮಾಷೆಗೆ ಅಂದುಕೊಂಡಿದ್ದೆ. ನನ್ನ ಹೆಂಡತಿ ನಿಜವಾಗಿಯೂ ಅದನ್ನೇ ಸಾಗಿಸಲು ಹೊರಟಿದ್ದಳು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಪ್ಪಳ, ಸಂಡಿಗೆ, ಕೋಡುಬಳೆ, ಇಡ್ಲಿ ತಟ್ಟೆ, ಇವೆಲ್ಲದರ ನಡುವೆ ಅತ್ತೆಯ ಕಾಲದ ಹಿತ್ತಾಳೆಯ ಚಕ್ಕುಲಿ ಒರಳು. "ಇಲ್ಲಿ ಎಲ್ಲಾ ಸಿಗುತ್ತಮ್ಮ" ಎಂದು ಮಗಳು ಫೋನಿನಲ್ಲಿ ಹೇಳಿದಾಗಲೆಲ್ಲ ಪಟ್ಟಿಗೆ ಎರಡು ಸಾಮಾನು ಸೇರುತ್ತಿದ್ದವು. ಪಾಪ, ಏನೂ ಸಿಗುವುದಿಲ್ಲವೆಂದು ಹೇಳಿಕೊಳ್ಳಲು ಮಗು ಸಂಕೋಚಪಡುತ್ತಿದೆ ಎಂಬುದು ಅವಳ ತೀರ್ಮಾನ.

ಇವನ್ನೆಲ್ಲ ತೂಗುವುದು ಹೇಗೆ? ನಮ್ಮ ಮನೆಯಲ್ಲಿ ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಬಿಟ್ಟರೆ ಬೇರೆ ತೂಕದ ಸಾಧನವಿಲ್ಲ. ಆಗ ನನಗೆ ಹೊಳೆದದ್ದು ಹನುಮಂತನಗರದ ನಮ್ಮ ರಸ್ತೆಯ ತುದಿಯಲ್ಲಿರುವ ಹಳೇ ಪೇಪರ್ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ತಿಂಗಳಿಗೊಮ್ಮೆ ಪೇಪರುಗಳ ಕಟ್ಟನ್ನು ಹೊತ್ತುಕೊಂಡು ಹೋಗಿ ಅಲ್ಲಿ ಕೊಡುತ್ತ ಬಂದಿದ್ದೇನೆ. ಒಬ್ಬ ಮನುಷ್ಯ ನಿರಾತಂಕವಾಗಿ ನಿಲ್ಲಬಹುದಾದಷ್ಟು ಅಗಲದ ಕಬ್ಬಿಣದ ಹಲಗೆ, ಅದರ ಮೇಲೆ ಕೆಂಪು ಅಂಕಿಗಳ ಡಬ್ಬಿ ಇರುವ ಎಲೆಕ್ಟ್ರಾನಿಕ್ ತಕ್ಕಡಿ ಅದು. ನಾಲ್ಕೂ ಸೂಟ್‌ಕೇಸುಗಳನ್ನು ಆಟೋದಲ್ಲಿ ಹೇರಿಕೊಂಡು ಹೋದೆ. ಸಂಗತಿ ಕೇಳಿದ ಅಂಗಡಿಯವನ ಮುಖ ಏಕೋ ಸಪ್ಪಗಾಯಿತು. "ಬೇರೆ ಎಲ್ಲಾದರೂ ತೂಕ ಮಾಡಿಸಿ ಸಾರ್, ಇದು ಬರೀ ಪೇಪರಿಗೆ" ಎಂದು ತಲೆ ಕೆರೆದುಕೊಂಡ. ತೂಕಕ್ಕೆ ಪೇಪರಾದರೇನು, ಚಕ್ಕುಲಿ ಒರಳಾದರೇನು ಎಂದು ನಾನೇ ಅವನಿಗೆ ಧೈರ್ಯ ಹೇಳಿ ಸೂಟ್‌ಕೇಸುಗಳನ್ನು ಒಂದೊಂದಾಗಿ ಹಲಗೆಯ ಮೇಲಿಟ್ಟೆ. 22.5, 22.4, 22.5, 22.3. ಎಲ್ಲಕ್ಕೂ ಅರ್ಧ ಕೆ.ಜಿ.ಯ ಆಸುಪಾಸಿನಲ್ಲಿ ಅವಕಾಶ ಉಳಿದಿತ್ತು. ಹೆಂಡತಿಯ ಕೈಯಂದಾಜಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ, ಬಂದ ಮೇಲೆ ಇರಲಿ ಎಂದು ನಾನೂ ಒಮ್ಮೆ ಹತ್ತಿ ನಿಂತೆ. 72! ಆರು ತಿಂಗಳ ಹಿಂದೆ ಡಾಕ್ಟರ ಬಳಿ 80 ಇದ್ದವನು ಲಾಲ್‌ಬಾಗಿನಲ್ಲಿ ದಿನಾ ಬೆಳಿಗ್ಗೆ ನಡೆದು ನಡೆದು ಎಂಟು ಕೆ.ಜಿ. ಇಳಿದಿದ್ದೆ. ತೂಗಿದ್ದಕ್ಕೆ ಹಣ ಕೊಡಲು ಹೋದರೆ ಅಂಗಡಿಯವನು ನನ್ನ ಕಣ್ಣು ತಪ್ಪಿಸಿ ಬೇಡವೆಂದುಬಿಟ್ಟ. ಅವನ ದೊಡ್ಡತನಕ್ಕೆ ಮನ ಸೋತು, ಗಾಂಧಿಬಜಾರಿನ ಕಡೆ ನಡೆದು, ಇಳಿದ ಎಂಟು ಕೆ.ಜಿ.ಗಳ ಗೌರವಾರ್ಥ ಬೆಣ್ಣೆ ಹಾಕಿದ ಮಸಾಲೆದೋಸೆಯೊಂದನ್ನು ತಿಂದು, ಅದು ಒಂಟಿಯಾಯಿತೆನಿಸಿ ಇನ್ನೊಂದನ್ನೂ ತಿಂದು ಮನೆಗೆ ಬಂದೆ.

ಹೊರಡುವ ಮುಹೂರ್ತದ ಜವಾಬ್ದಾರಿಯನ್ನು ನನ್ನ ಭಾವಮೈದ ವಹಿಸಿಕೊಂಡಿದ್ದ. ಪಂಚಾಂಗವನ್ನು ಅವನು ಓದುವ ಶ್ರದ್ಧೆಯಲ್ಲಿ ನಾನು ಪಠ್ಯಪುಸ್ತಕ ಓದಿದ್ದರೆ ಬ್ಯಾಂಕಿನಿಂದ ಗುಮಾಸ್ತನಾಗಿ ನಿವೃತ್ತನಾಗುತ್ತಿರಲಿಲ್ಲ. ವಿಮಾನ ಹೊರಡುವುದು ಭಾನುವಾರ ರಾತ್ರಿ ಕಳೆದು ಮೂರು ಗಂಟೆಗೆ. ಭಾನುವಾರ ಪಶ್ಚಿಮ ದಿಕ್ಕಿಗೆ ಶೂಲೆ, ಅಂದರೆ ಆ ದಿಕ್ಕಿಗೆ ಅಂದು ಪ್ರಯಾಣ ಸಲ್ಲದು. ಅಮೆರಿಕವೋ, ನಾವು ಹೋಗುವ ದಾರಿಯಲ್ಲಿ ಪಶ್ಚಿಮಕ್ಕೇ ಇದೆ. ಭಾವಮೈದ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತು, "ಭಾವ, ಭಾನುವಾರ ನೀವು ಹೋಗೋದು ದೇವನಹಳ್ಳಿಗೆ ತಾನೆ? ಅದು ಉತ್ತರ. ಪಶ್ಚಿಮಕ್ಕೆ ತಿರುಗೋ ಹೊತ್ತಿಗೆ ಸೋಮವಾರ ಆಗಿರುತ್ತೆ" ಎಂದು ಬಿಡುಗಡೆ ಕೊಟ್ಟ. ಆದರೂ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲವಿದ್ದುದರಿಂದ, ಅದಕ್ಕೆ ಮೊದಲೇ, ಸರಿಯಾಗಿ ನಾಲ್ಕು ಗಂಟೆಗೆ ಪ್ರಸ್ಥಾನ ಇಡಬೇಕೆಂದು ವಿಧಿಸಿದ. ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ವಸ್ತುವೊಂದನ್ನು ಬೇರೆಯವರ ಮನೆಯಲ್ಲಿಟ್ಟು, ಪ್ರಯಾಣ ಆಗಲೇ ಶುರುವಾಯಿತೆಂದು ಗ್ರಹಗಳಿಗೆ ನಂಬಿಸುವ ಈ ಏರ್ಪಾಡು ನಮ್ಮ ಹಿರಿಯರದು. ಇಡುವ ವಸ್ತು ಪ್ರಯಾಣಕ್ಕೆ ಅತ್ಯವಶ್ಯವಾದದ್ದಾಗಿರಬೇಕು ಎಂದ. ಪಾಸ್‌ಪೋರ್ಟು, ಟಿಕೆಟ್ಟು, ಡಾಲರುಗಳಿದ್ದ ಕೈಚೀಲಕ್ಕಿಂತ ಅವಶ್ಯವಾದದ್ದು ಇನ್ನೇನಿದೆ? ಕುಂಕುಮ ಹಚ್ಚಿ ಅದನ್ನು ಪಕ್ಕದ ಮನೆಯ ದೇವರ ಗೂಡಿನ ಮುಂದೆ ಇಟ್ಟು ಬಂದೆವು.

ಪ್ರಯಾಣ ಶುರುವಾಗಿದೆಯೆಂದು ಗ್ರಹಗಳ ಜೊತೆಗೆ ನಾವೂ ನಂಬಿಬಿಟ್ಟದ್ದು ತಪ್ಪಾಯಿತು. ರಾತ್ರಿ ಒಂಬತ್ತಕ್ಕೆ ಕ್ಯಾಬ್ ಹತ್ತಿ, ಭಾವಮೈದನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಗ್ಯಾಸ್ ಆಫ್ ಮಾಡಿದ್ದು ನೆನಪಿದೆಯೇ, ಹಿಂಬಾಗಿಲಿನ ಚಿಲಕ ಹಾಕಿದ್ದು ನೆನಪಿದೆಯೇ ಎಂದು ಪರಸ್ಪರ ಪರೀಕ್ಷಿಸಿಕೊಳ್ಳುತ್ತ ಮೇಖ್ರಿ ಸರ್ಕಲ್ ತಲುಪಿದಾಗ ನನ್ನ ಹೆಂಡತಿ ಇದ್ದಕ್ಕಿದ್ದಂತೆ ಮೌನವಾದಳು. ಮೂವತ್ತನಾಲ್ಕು ವರ್ಷಗಳ ದಾಂಪತ್ಯದಲ್ಲಿ ಆ ಬಗೆಯ ಮೌನವನ್ನು ನಾನು ಎರಡೇ ಸಲ ಕಂಡಿದ್ದೆ. "ರೀ, ಪ್ರಸ್ಥಾನ?" ಎಂದಳು.

ಪಕ್ಕದ ಮನೆಯವರು ರಿಸೆಪ್ಷನ್ನೊಂದಕ್ಕೆ ಹೋಗಿದ್ದರು. ಅವರ ಮಗ ಛತ್ರದಲ್ಲಿ ಊಟದ ಎಲೆಯ ಮುಂದಿನಿಂದ ಎದ್ದು, ಮನೆಗೆ ಹೋಗಿ ಬೀಗ ತೆಗೆದು, ಸ್ಕೂಟರಿನಲ್ಲಿ ಚೀಲವನ್ನು ತಂದುಕೊಡುವವರೆಗೆ ಒಂದು ಗಂಟೆ ಹತ್ತು ನಿಮಿಷ ನಾವು ರಸ್ತೆಯ ಪಕ್ಕದಲ್ಲಿ ನಿಂತೆವು. ಅಲ್ಲೇ ಹತ್ತಿರದಲ್ಲಿ, ಊರಿನ ಗಡಿಯ ಗುರುತೆನ್ನುವ ಕೆಂಪೇಗೌಡರ ನಾಲ್ಕು ಗೋಪುರಗಳಲ್ಲೊಂದು ಇದೆ. ಕೆಂಪಾಂಬುಧಿ ಕೆರೆಯ ಗೋಪುರ ನಮ್ಮ ಮನೆಗೆ ಹತ್ತಿರ; ಲಾಲ್‌ಬಾಗಿನ ಬಂಡೆಯ ಮೇಲಿನದು ನನ್ನ ವಾಕಿಂಗಿನ ದಾರಿ. ಹೀಗೆ ಒಂದು ಗಡಿಯಲ್ಲಿ ಮರೆತದ್ದು ಇನ್ನೊಂದು ಗಡಿಯಲ್ಲಿ ನೆನಪಾಗಿತ್ತು. "ನೋಡಿದಿರಾ ಭಾವ, ಊರಿನ ಗಡಿ ದಾಟೋ ಮೊದಲೇ ನೆನಪಾಯ್ತು. ಅದೇ ಮುಹೂರ್ತದ ಬಲ" ಎಂದ ಭಾವಮೈದ. ನಾನು ಉತ್ತರಿಸಲಿಲ್ಲ. ಕ್ಯಾಬಿನ ಚಾಲಕ ಮಾತ್ರ ಕಾಯುವಿಕೆಯ ಹಣ ಬೇರೆ ಎಂದು ನೆನಪಿಸಿದ.

ಹೆಬ್ಬಾಳ, ಯಲಹಂಕ, ಸಾದಹಳ್ಳಿಯ ಟೋಲ್ ದಾಟಿ ವಿಮಾನ ನಿಲ್ದಾಣ ಸೇರಿದಾಗ 108 ಅಡಿಯ ಕೆಂಪೇಗೌಡರು ಕತ್ತಿ ಹಿಡಿದು ನಿಂತಿದ್ದರು. ಎರಡನೆಯ ಟರ್ಮಿನಲ್ಲಿನ ಒಳಗೆ ಬಿದಿರಿನ ಚಾವಣಿ, ಮೇಲಿನಿಂದ ತೂಗುಬಿಟ್ಟ ಗಿಡಗಳು. ಅವುಗಳ ಕೆಳಗೆ ಕತ್ತೆತ್ತಿ ನಡೆಯುತ್ತ ನನ್ನ ಹೆಂಡತಿ, ಇವಕ್ಕೆ ದಿನಾ ನೀರು ಹಾಕುವವರು ಯಾರು ಎಂದು ಚಿಂತಿಸಿದಳು. ಭಾವಮೈದನಿಗೆ ಒಳಗೆ ಪ್ರವೇಶವಿಲ್ಲದ ಕಾರಣ ಅವನು ಗಾಜಿನಾಚೆ ನಿಂತು ಕೈ ಬೀಸುತ್ತಿದ್ದ.

ಕೌಂಟರಿನ ಹುಡುಗಿ ಮೊದಲ ಸೂಟ್‌ಕೇಸನ್ನು ಬೆಲ್ಟಿನ ಮೇಲಿಡಲು ಹೇಳಿದಳು. ನಾನು ಸಕಲ ಆತ್ಮವಿಶ್ವಾಸದಿಂದ ಇಟ್ಟೆ. 25.0 ಎಂದು ಬಂತು. ನಿಮ್ಮ ಯಂತ್ರ ಕೆಟ್ಟಿದೆ ಎಂದು ಮರುಕದಿಂದ ಹೇಳಿದೆ. ಅವಳು ನಕ್ಕು, ಎರಡನೆಯದನ್ನು ಪಕ್ಕದ ಕೌಂಟರಿನ ಬೆಲ್ಟಿನ ಮೇಲಿಡಿಸಿದಳು. 24.9. ಮಿಕ್ಕವೂ ಅದೇ ಜಾತಿಯವು. ಒಟ್ಟು ಏಳು ಕೆ.ಜಿ. ಏಳುನೂರು ಗ್ರಾಂ ಹೆಚ್ಚು. ನಾಲ್ಕಕ್ಕೂ ಬೇರೆ ಬೇರೆ ಶುಲ್ಕವೆಂದು ಅವಳು ಹೇಳಿದ ಮೊತ್ತಕ್ಕೆ ನ್ಯೂಜೆರ್ಸಿಯಲ್ಲೇ ಒಂದು ಚಕ್ಕುಲಿ ಕಾರ್ಖಾನೆ ತೆರೆಯಬಹುದಿತ್ತು. "ಲಗೇಜಿನಲ್ಲಿ ಒಣಕೊಬ್ಬರಿ ಏನಾದರೂ ಇದೆಯಾ ಅಂಕಲ್?" ಎಂಬುದು ಅವಳ ಮುಂದಿನ ಪ್ರಶ್ನೆ.

ನನ್ನ ಹೆಂಡತಿ ತಿಪಟೂರಿನವಳು. ಆ ಊರಿನವರನ್ನು ಕೊಬ್ಬರಿ ಇದೆಯೇ ಎಂದು ಕೇಳುವುದು ಉಸಿರಿದೆಯೇ ಎಂದು ಕೇಳಿದಂತೆ. ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ಅದು ಹೊತ್ತಿಕೊಳ್ಳುವ ಭಯವಿದೆ, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ ಎಂದು ಹುಡುಗಿ ವಿವರಿಸಿದಾಗ ನನ್ನವಳಿಗೆ ತವರನ್ನೇ ಆಡಿದಂತಾಯಿತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು, ಕೆಳಗೆ ಮೂರು ಹೊತ್ತೂ ಒಲೆ ಉರಿದರೂ ಹೊತ್ತಿಕೊಳ್ಳದ ಕೊಬ್ಬರಿ ಇಲ್ಲಿ ಹೇಗೆ ಹೊತ್ತಿಕೊಳ್ಳುತ್ತದೆ ಎಂಬ ಅವಳ ವಾದದಲ್ಲಿ ಹುರುಳಿತ್ತಾದರೂ ನಮ್ಮ ಹಿಂದಿನ ಸಾಲು ಬೆಳೆಯುತ್ತಿತ್ತು.

ಆ ನುಣುಪಾದ ನೆಲದ ಮೇಲೆ ನಾಲ್ಕು ಸೂಟ್‌ಕೇಸುಗಳನ್ನೂ ಬಿಚ್ಚಿದೆವು. ನನ್ನ ಬನಿಯನ್ನುಗಳು ಇಷ್ಟೊಂದು ಜನರ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಚಕ್ಕುಲಿ ಒರಳಿಗೆ ಸುತ್ತಿದ್ದ ಹಳೇ ಪೇಪರುಗಳನ್ನು ಬಿಚ್ಚಿದರೆ ಅವೇ ಮುಕ್ಕಾಲು ಕೆ.ಜಿ. ಇದ್ದಂತಿದ್ದವು. ಸಾಲಿನಲ್ಲಿದ್ದ ಅಪರಿಚಿತರೊಬ್ಬರು, "ಪುಡಿಗಳನ್ನು ತೆಗೀಬೇಡಿ, ಒರಳು ತೆಗೀರಿ" ಎಂದು ಸಲಹೆಯಿತ್ತರು. ಅವರ ಶ್ರೀಮತಿ, ಅಮೆರಿಕದಲ್ಲಿ ಒರಳೇ ಸಿಗದು, ಪುಡಿಗಳೇ ಸಿಗುವುದು ಎಂದು ತಿದ್ದಿದರು. ಕೊನೆಗೆ ಒರಳು, ಇಡ್ಲಿ ತಟ್ಟೆ, ಕೊಬ್ಬರಿ, ಅರ್ಧ ಪಾಲು ಸಂಡಿಗೆ, ಕೋಡುಬಳೆಯ ಡಬ್ಬಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಸಿಬ್ಬಂದಿಯೊಬ್ಬರ ಜೊತೆಯಲ್ಲಿ ಬಾಗಿಲಿಗೆ ಹೋಗಿ ಭಾವಮೈದನ ಕೈಗಿತ್ತೆ. ಪ್ರಯಾಣದಿಂದ ಲಾಭವಿದೆ ಎಂದು ಅವನು ಪಂಚಾಂಗ ನೋಡಿ ಹೇಳಿದ್ದು ಸುಳ್ಳಾಗಲಿಲ್ಲ. ಯಾರಿಗೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ವಿಮಾನದೊಳಗೆ ಕುಳಿತ ಮೇಲೆ ಹೆಂಡತಿಗೆ ಹೊಸ ಯೋಚನೆ ಹತ್ತಿತು. ಅವಳಿಗೆ ಸೋಮವಾರ ಒಪ್ಪತ್ತು. ಫ್ರಾಂಕ್‌ಫರ್ಟಿನಲ್ಲಿ ಗಡಿಯಾರವನ್ನು ಮೂರೂವರೆ ಗಂಟೆ, ಅಲ್ಲಿಂದ ಮುಂದೆ ಇನ್ನೂ ಆರು ಗಂಟೆ ಹಿಂದಕ್ಕೆ ತಿರುಗಿಸಬೇಕಾದ್ದರಿಂದ ಈ ಸೋಮವಾರ ಮೂವತ್ತಮೂರೂವರೆ ಗಂಟೆಯದು ಎಂದು ಲೆಕ್ಕ ಹಾಕಿ ಹೇಳಿದೆ. ಅಷ್ಟುದ್ದದ ದಿನಕ್ಕೆ ಒಂದೇ ಊಟವೇ? ಹೊರಡುವ ಮೊದಲೇ ತಮ್ಮನನ್ನು ಕೇಳಿದ್ದಳಂತೆ; ಸೂರ್ಯೋದಯದವರೆಗೆ ಭಾನುವಾರವೇ, ಏನು ಬೇಕಾದರೂ ತಿನ್ನು ಎಂದಿದ್ದನಂತೆ. ಶೂಲೆಯ ಪ್ರಶ್ನೆ ಬಂದಾಗ ನಡುರಾತ್ರಿಗೇ ಹುಟ್ಟುವ ಸೋಮವಾರ ಊಟದ ಪ್ರಶ್ನೆ ಬಂದಾಗ ಬೆಳಗಿನವರೆಗೆ ಕಾಯುತ್ತದೆಂಬ ಈ ಸೂಕ್ಷ್ಮ ನನಗೆ ಹೊಳೆದರೂ ಬಾಯಿ ಬಿಡಲಿಲ್ಲ. ನಾಲ್ಕೂವರೆಗೆ ಬಂದ ಊಟವನ್ನು ಅವಳು ನೆಮ್ಮದಿಯಿಂದ ಮಾಡಿದಳು.

ನನಗೆ ನಿದ್ದೆ ಬರಲಿಲ್ಲ. ಕಾಗದದ ಕರವಸ್ತ್ರವೊಂದರ ಮೇಲೆ ಪೆನ್ನಿನಿಂದ ಗುಣಿಸುತ್ತ ಕುಳಿತೆ. 25 ಇದ್ದದ್ದನ್ನು 22.5 ಎಂದು ತೋರಿಸುವ ತಕ್ಕಡಿ ಹತ್ತಕ್ಕೆ ಒಂಬತ್ತನ್ನು ತೋರಿಸುತ್ತದೆ. ತಿಂಗಳಿಗೆ ಒಂಬತ್ತು ಕೆ.ಜಿ. ಪೇಪರೆಂದು ಅವನು ಹಣ ಎಣಿಸಿದಾಗಲೆಲ್ಲ ನಾನು ಕೊಟ್ಟದ್ದು ಹತ್ತು. ವರ್ಷಕ್ಕೆ ಹನ್ನೆರಡು, ಇಪ್ಪತ್ತೆರಡು ವರ್ಷಕ್ಕೆ 264 ಕೆ.ಜಿ. ಹನ್ನೊಂದು ಸೂಟ್‌ಕೇಸುಗಳಿಗೂ ಮಿಗಿಲು! ಕೋಪಕ್ಕಿಂತ ಹೆಚ್ಚಾಗಿ ಕಾಡಿದ್ದು, ಬೇರೆ ಕಡೆ ತೂಕ ಮಾಡಿಸಿ ಎಂದು ಆತ ಕೊಟ್ಟ ಪ್ರಾಮಾಣಿಕ ಸಲಹೆಯನ್ನು ನಾನೇ ತಳ್ಳಿಹಾಕಿದೆನಲ್ಲ ಎಂಬುದು.

ಇಳಿಯುವ ಮೊದಲು ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಯಾವ ಪಂಚಾಂಗದ ಪ್ರಕಾರವೂ ಸೋಮವಾರವೇ. ತಿಂಡಿಯ ತಟ್ಟೆಗಳು ಬಂದವು. ಹೆಂಡತಿ ತನ್ನದನ್ನು ನನ್ನ ಕಡೆ ಸರಿಸುತ್ತ, "ಹೇಗೂ ಇಳಿದಿದ್ದೀರಲ್ಲ, ಇದನ್ನೂ ತಿನ್ನಿ" ಎಂದಳು. ಆ ಉಪಕಾರಕ್ಕೆ ಪ್ರತಿಯಾಗಿ ನಾನು ನನ್ನ ಸಂಶೋಧನೆಯನ್ನು ಅವಳ ಮುಂದಿಟ್ಟೆ. ಅವಳು ಕರವಸ್ತ್ರದ ಮೇಲಿನ ಅಂಕಿಗಳನ್ನು ನಿಧಾನವಾಗಿ ಓದಿದಳು. ಆಮೇಲೆ ನನ್ನ ಸೊಂಟದ ಬೆಲ್ಟಿನ ಕಡೆ ನೋಡಿದಳು.

"ಹಾಗಾದ್ರೆ ನೀವು 72 ಅಲ್ಲ."

ಹತ್ತಕ್ಕೆ ಒಂಬತ್ತು. 72ಕ್ಕೆ 80. ಆರು ತಿಂಗಳ ಲಾಲ್‌ಬಾಗು ಹೋಯಿತು. ಅವಳು ತನ್ನ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು ಕಿಟಕಿಯ ಪಕ್ಕದಲ್ಲಿದ್ದ ವಿದ್ಯಾರ್ಥಿಗೆ ಕೊಟ್ಟಳು. ನನ್ನ ತಟ್ಟೆಯಲ್ಲಿದ್ದ ಬೆಣ್ಣೆಯ ಪುಟ್ಟ ಪೊಟ್ಟಣವನ್ನೂ ತೆಗೆದು ಅದರ ಜೊತೆಗಿಟ್ಟಳು.