ಆ ಹನ್ನೊಂದನೇ ಹೆಸರು ಗಿಲ್ಬರ್ಟೊ ಸಿಲ್ವಾ

ಮೊನ್ನೆ ರಾತ್ರಿ ನಮ್ಮ ಫುಟ್ಬಾಲ್ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಹುಡುಗ, 2003-04ರಲ್ಲಿ ಒಂದೂ ಮ್ಯಾಚ್ ಸೋಲದೆ ಇಂಗ್ಲೆಂಡಿನ ಲೀಗ್ ಗೆದ್ದ ಆರ್ಸೆನಲ್ ಟೀಮ್‌ನ ಹನ್ನೊಂದು ಜನರನ್ನ ಗೂಗಲ್ ನೋಡ್ದೆ ಹೇಳಿ ಅಂತ ಹಾಕಿದ್ದ. ಎಲ್ರೂ ಶುರು ಹಚ್ಕೊಂಡ್ರು. ಲೇಮನ್, ಲಾರೆನ್, ಕ್ಯಾಂಪ್‌ಬೆಲ್, ಟೂರೆ, ಆಶ್ಲಿ ಕೋಲ್, ಯುಂಗ್‌ಬರ್ಗ್, ವಿಯೆರಾ, ಪಿರೆಸ್, ಬರ್ಗ್‌ಕ್ಯಾಂಪ್, ಆನ್ರಿ. ಹತ್ತಾಯ್ತು. ಹನ್ನೊಂದನೇದು ಬರ್ಲೇ ಇಲ್ಲ. ಒಬ್ರು ಎಡು ಅಂದ್ರು, ಒಬ್ರು ಪಾರ್ಲರ್ ಅಂದ್ರು, ಇನ್ನೊಬ್ರು ಫ್ಯಾಬ್ರೆಗಾಸ್ ಅಂದ್ರು, ಆ ಸೀಸನ್ ಅವ್ನು ಲೀಗಲ್ಲಿ ಒಂದ್ ಮ್ಯಾಚೂ ಆಡಿಲ್ಲ. ನಾನು ಗಿಲ್ಬರ್ಟೊ ಅಂತ ಟೈಪ್ ಮಾಡ್ದೆ. ಆ ಹುಡುಗ "ಯಾರ್ ಸಾರ್ ಅದು" ಅಂತ ಕೇಳ್ದ. ಅವ್ನ ತಪ್ಪಲ್ಲ, ಆಗ ಹುಟ್ಟೂ ಇರ್ಲಿಲ್ವೇನೋ. ಆದ್ರೆ ನಂಗೆ ನಿಜವಾಗ್ಲೂ ಬೇಜಾರಾಯ್ತು, ಅದಕ್ಕೇ ಇದನ್ನ ಬರೀತಿದೀನಿ.

ಆ ವರ್ಷ 38 ಮ್ಯಾಚಲ್ಲಿ 32 ಆಡಿದಾನೆ ಆ ಮನುಷ್ಯ.

ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಲಗೋವಾ ದ ಪ್ರಾಟಾ ಅನ್ನೋ ಸಣ್ಣ ಊರಿನವನು. ಹುಡುಗನಾಗಿದ್ದಾಗ ಮನೇಲಿ ಕಷ್ಟ, ಅಮ್ಮಂಗೆ ಹುಷಾರಿಲ್ಲ, ಫುಟ್ಬಾಲ್ ಬಿಟ್ಟು ಮಿಠಾಯಿ ಫ್ಯಾಕ್ಟರಿಗೆ ಕೆಲಸಕ್ಕೆ ಹೋದ. ಬೇರೆ ಬ್ರೆಜಿಲ್ ಸ್ಟಾರ್‌ಗಳು ಹದಿನೇಳು ಹದಿನೆಂಟಕ್ಕೇ ಯುರೋಪಿನ ಕ್ಲಬ್‌ಗಳ ಕಣ್ಣಿಗೆ ಬಿದ್ದಿರ್ತಾರೆ, ಇವ್ನು ಆ ವಯಸ್ಸಲ್ಲಿ ಫ್ಯಾಕ್ಟರೀಲಿ ದುಡೀತಿದ್ದ. 1997ರಲ್ಲಿ ಅಮೆರಿಕಾ ಮಿನೇರೊ ಕ್ಲಬ್ ಸೇರ್ಕೊಂಡ, 2000ದಲ್ಲಿ ಅಟ್ಲೆಟಿಕೊ ಮಿನೇರೊ. ನಿಂತು ಯೋಚ್ನೆ ಮಾಡಿ ಆಡೋ ಆಟ ಅವಂದು, ಅದಕ್ಕೂ ಹಾಗೆ ತಡವಾಗಿ ಬಂದಿದ್ದಕ್ಕೂ ಏನೋ ಸಂಬಂಧ ಇದೆ ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ.

2002 ವರ್ಲ್ಡ್ ಕಪ್. ಕ್ಯಾಪ್ಟನ್ ಎಮರ್ಸನ್ ಪ್ರಾಕ್ಟೀಸಲ್ಲಿ ಗೋಲ್‌ಕೀಪರ್ ಆಗಿ ನಿಂತು ಡೈವ್ ಹೊಡ್ಯಕ್ಕೆ ಹೋಗಿ ಭುಜ ಮಾಡ್ಕೊಂಡ. ಮೊದಲ ಮ್ಯಾಚಿಗೆ ಇನ್ನೇನು ಟೈಮೇ ಇಲ್ಲ. ಕೋಚ್ ಸ್ಕೊಲಾರಿ ಡಿಫೆನ್ಸ್ ಮುಂದೆ ನಿಂತು ಕಾಯೋ ಆ ಜಾಗಕ್ಕೆ ಗಿಲ್ಬರ್ಟೊನ ಇಳಿಸಿದ, ಏಳಕ್ಕೆ ಏಳು ಮ್ಯಾಚೂ ಆಡ್ದ. ಕಫು ಬಲಗಡೆ, ರಾಬರ್ಟೊ ಕಾರ್ಲೋಸ್ ಎಡಗಡೆ, ಇಬ್ರೂ ಎದುರಾಳಿ ಗೋಲ್ ಹತ್ರಾನೇ ಮನೆ ಮಾಡ್ಕೊಂಡಿರ್ತಿದ್ರು, ಮುಂದೆ ರಿವಾಲ್ಡೊ, ರೊನಾಲ್ಡಿನ್ಯೊ, ರೊನಾಲ್ಡೊ. ಇಷ್ಟು ಜನ ಮುಂದೆ ಹೋದ್ರೆ ಹಿಂದೆ ಮನೆ ಕಾಯೋರು ಯಾರು? ಅಲ್ಲಿಂದಾನೇ ಅವನಿಗೆ ಕಣ್ಣಿಗೆ ಕಾಣದ ಗೋಡೆ ಅನ್ನೋ ಹೆಸರು ಬಂದಿದ್ದು.

ಆ ಬೇಸಿಗೇಲೇ ಕೋಚ್ ವೆಂಗರ್ ಅವನನ್ನ ಆರ್ಸೆನಲ್‌ಗೆ ಕರ್ಕೊಂಡ್ ಬಂದ, ಬರೀ 45 ಲಕ್ಷ ಪೌಂಡಿಗೆ. ಸೀಸನ್ ಶುರುವಿನ ಕಮ್ಯುನಿಟಿ ಶೀಲ್ಡ್ ಮ್ಯಾಚಲ್ಲಿ ಲಿವರ್‌ಪೂಲ್ ಮೇಲೆ ಸಬ್ ಆಗಿ ಇಳಿದು ಮೊದಲ ಮ್ಯಾಚಲ್ಲೇ ಗೋಲ್, ಗೆದ್ದಿದ್ದೂ ಅದೊಂದೇ ಗೋಲಿಂದ. ಸೆಪ್ಟೆಂಬರಲ್ಲಿ ನೆದರ್ಲೆಂಡ್ಸ್‌ನ ಪಿಎಸ್‌ವಿ ಕ್ಲಬ್ ಮೇಲೆ 20 ಸೆಕೆಂಡಿಗೆ ಒಂದು ಹೊಡೆದ, ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗಲ್ಲಿ ಆಗ ಅದೇ ಅತಿ ಬೇಗದ ಗೋಲು. ಆದ್ರೆ ಗೋಲ್ ಲೆಕ್ಕ ಹಿಡ್ಕೊಂಡು ಅವನನ್ನ ಅಳೆಯೋಕೆ ಹೋದ್ರೆ ಏನೂ ಸಿಗಲ್ಲ.

ಅವ್ನ ಕೆಲಸ ಏನು ಅಂತ ನಾನು ಕಲ್ತಿದ್ದು ನಮ್ಮಣ್ಣನಿಂದ. ಅವ್ನು ಪಕ್ಕಾ ಮ್ಯಾಂಚೆಸ್ಟರ್ ಯುನೈಟೆಡ್, ಆದ್ರೂ ಒಂದಿನ ಮ್ಯಾಚ್ ನೋಡ್ತಾ "ಲೋ, ಬಾಲ್ ನೋಡ್ಬೇಡ, ಐದ್ ನಿಮಿಷ ಆ ಹತ್ತೊಂಬತ್ತು ನಂಬರವನನ್ನೇ ನೋಡು" ಅಂದ. ನೋಡ್ದೆ. ಆರ್ಸೆನಲ್ ಅಟ್ಯಾಕ್ ಎಲ್ಲಾ ಎಡಗಡೆಯಿಂದಾನೇ. ಆನ್ರಿ ಅಲ್ಲಿಗೇ ಸರೀತಾನೆ, ಪಿರೆಸ್ ಒಳಗೆ ಬರ್ತಾನೆ, ಕೋಲ್ ಹಿಂದಿನಿಂದ ಲೈನ್ ಹಿಡ್ಕೊಂಡು ಓಡ್ತಾನೆ. ಜೊತೆಗೆ ವಿಯೆರಾನೂ ನುಗ್ತಾನೆ. ಗಿಲ್ಬರ್ಟೊ ಮಾತ್ರ ನಾಲ್ಕು ಹೆಜ್ಜೆ ಎಡಕ್ಕೆ ಬಂದು ಕೋಲ್ ಬಿಟ್ಟು ಹೋದ ಜಾಗಕ್ಕೆ ಹತ್ತಿರ ನಿಲ್ತಾನೆ. ಬಾಲ್ ಎದುರಾಳಿ ಕೈಸೇರಿದ ತಕ್ಷಣ ಅವರು ಆ ಖಾಲಿ ಜಾಗಕ್ಕೇ ಹೊಡೀತಾರೆ, ಹೊಡೆದ್ರೆ ಇವ್ನು ಆಗ್ಲೇ ಅಲ್ಲಿದಾನೆ! ಜಾರಿ ಟ್ಯಾಕಲ್ ಇಲ್ಲ, ಗಲಾಟೆ ಇಲ್ಲ, ಕಾಲು ಚಾಚಿ ಬಾಲ್ ತಗೊಂಡು ಐದು ಗಜ ದೂರದ ವಿಯೆರಾಗೆ ಕೊಟ್ಟು ಮತ್ತೆ ತನ್ನ ಜಾಗಕ್ಕೆ. ಆಮೇಲೆ ನಾನು ಫುಟ್ಬಾಲ್ ನೋಡೋ ರೀತೀನೇ ಬದಲಾಗೋಯ್ತು.

2004ರ ಸೆಪ್ಟೆಂಬರಲ್ಲಿ ಬೆನ್ನು ಮುರ್ಕೊಂಡು ಕೂತ, ಏಪ್ರಿಲ್ ತನಕ ಇಲ್ಲ. ಲೀಗಲ್ಲಿ ಸೋಲೇ ಇಲ್ಲದ 49 ಮ್ಯಾಚಿನ ಓಟ ನಿಂತಿದ್ದು ಅವ್ನಿಲ್ದಿದ್ದಾಗ, ಅಕ್ಟೋಬರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡಲ್ಲಿ. ಆ ಸೋಲು ಪೂರ್ತಿ ಅದ್ರಿಂದಾನೇ ಅಂತ ನಾನು ಹೇಳಲ್ಲ, ಆದ್ರೆ ಆ ಸೀಸನ್ ಚೆಲ್ಸಿ ಹಾಗೆ ಮುಂದೆ ಓಡಿಹೋಗಿದ್ದಕ್ಕೆ ಅದೂ ಒಂದು ಕಾರಣ ಅಂತ ಖಂಡಿತ ಹೇಳ್ತೀನಿ. 2005ರಲ್ಲಿ ವಿಯೆರಾ ಯುವೆಂಟಸ್‌ಗೆ ಹೋದ. ಉಳಿದಿದ್ದು ಗಿಲ್ಬರ್ಟೊ ಮತ್ತು ಹದಿನೆಂಟರ ಫ್ಯಾಬ್ರೆಗಾಸ್. ಆ ಇಬ್ಬರ ಮಧ್ಯಮೈದಾನ ಇಟ್ಕೊಂಡು ಚಾಂಪಿಯನ್ಸ್ ಲೀಗಲ್ಲಿ ಸತತ ಹತ್ತು ಮ್ಯಾಚ್ ಒಂದೂ ಗೋಲ್ ಬಿಟ್ಕೊಡದೆ ಪ್ಯಾರಿಸ್ ಫೈನಲ್‌ಗೆ ಹೋದ್ವಿ. ಫೈನಲ್ ಬಗ್ಗೆ ನಾನು ಬರೆಯಲ್ಲ, ಈಗ್ಲೂ ಆಗಲ್ಲ.

2006-07, ಹೊಸ ಸ್ಟೇಡಿಯಂ. ಎಮಿರೇಟ್ಸಲ್ಲಿ ಆರ್ಸೆನಲ್‌ನ ಮೊದಲ ಲೀಗ್ ಗೋಲ್ ಯಾರ್ದು? ಆಸ್ಟನ್ ವಿಲ್ಲಾ ಮೇಲೆ, ಗಿಲ್ಬರ್ಟೊದು. ಆ ವರ್ಷ ಆನ್ರಿ ಗಾಯದಿಂದ ಹೊರಗೇ ಜಾಸ್ತಿ, ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಕೊಂಡು ಟೀಮ್ ನಡೆಸಿದ್ದು ಇವ್ನು, ಲೀಗಲ್ಲಿ ಹತ್ತು ಗೋಲ್ ಬೇರೆ. ಓಲ್ಡ್ ಟ್ರಾಫರ್ಡಲ್ಲಿ ಪೆನಾಲ್ಟಿ ಮಿಸ್ ಮಾಡ್ದ, ಆದ್ರೆ ಮುಂದೆ ಟಾಟ್ನಮ್ ಮೇಲೆ ಒಂದೇ ಮ್ಯಾಚಲ್ಲಿ ಎರಡು ಪೆನಾಲ್ಟಿ ತಾನೇ ತಗೊಂಡು ಎರಡೂ ಹೊಡೆದ. ಕ್ಯಾಪ್ಟನ್ ಅಂದ್ರೆ ನಂಗೆ ಅದು.

2007ರ ಬೇಸಿಗೆ ಆನ್ರಿ ಬಾರ್ಸಿಲೋನಾಗೆ ಹೋದ. ಗಿಲ್ಬರ್ಟೊ ಬ್ರೆಜಿಲ್‌ಗೆ ಕ್ಯಾಪ್ಟನ್ ಆಗಿ ಕೋಪಾ ಅಮೆರಿಕಾ ಆಡಿ ತಡವಾಗಿ ವಾಪಸ್ ಬರೋ ಹೊತ್ತಿಗೆ ಇಲ್ಲಿ ಅವ್ನ ಜಾಗದಲ್ಲಿ ಫ್ಲಾಮಿನಿ, ಕ್ಯಾಪ್ಟನ್ ಪಟ್ಟ ಹಿಂದಿನ ವರ್ಷ ತಾನೇ ಚೆಲ್ಸಿಯಿಂದ ಬಂದ ಗಲಾಸ್‌ಗೆ. ವೆಂಗರ್ ಅಂದ್ರೆ ನಂಗೆ ಪ್ರಾಣ, ಫುಟ್ಬಾಲ್ ಹೆಂಗಿರ್ಬೇಕು ಅಂತ ಕಲಿಸಿದ್ದೇ ಆತ, ಆದ್ರೆ ಇದೊಂದು ವಿಷಯದಲ್ಲಿ ನಾನು ಇವತ್ತಿಗೂ ಒಪ್ಪಲ್ಲ. ಫ್ಲಾಮಿನಿ ಆ ಸೀಸನ್ ಅದ್ಭುತವಾಗಿ ಆಡ್ದ, ಹೌದು, ಗಿಲ್ಬರ್ಟೊನ ಬೆಂಚಲ್ಲಿ ಕೂರಿಸಿದ್ದಕ್ಕೆ ಅದು ಉತ್ತರ ಆಗ್ಬಹುದು. ಐದು ವರ್ಷ ಬಾಯ್ಮುಚ್ಕೊಂಡು ದುಡಿದು, ಹಿಂದಿನ ವರ್ಷ ಇಡೀ ಟೀಮ್ ಹೊತ್ತವನನ್ನ ದಾಟಿ ಪಟ್ಟಿ ಬೇರೆಯವನಿಗೆ ಕಟ್ಟಿದ್ದಕ್ಕೆ ಅದು ಉತ್ತರ ಅಲ್ಲ.

2008ರ ಫೆಬ್ರವರೀಲಿ ಟೇಬಲ್ ಟಾಪಲ್ಲಿದ್ವಿ. ಬರ್ಮಿಂಗ್‌ಹ್ಯಾಮಲ್ಲಿ ನಮ್ಮ ಸ್ಟ್ರೈಕರ್ ಎಡುವರ್ಡೊ ಕಾಲು ಮುರೀತು, ಕೊನೇ ಗಳಿಗೇಲಿ ಪೆನಾಲ್ಟಿ ಕೊಟ್ಟು 2-2, ಆಗ ನಮ್ಮ ಕ್ಯಾಪ್ಟನ್ ಗಲಾಸ್ ಮೈದಾನದ ಮಧ್ಯೆ ಒಬ್ಬನೇ ಕೂತ್ಬಿಟ್ಟ. ಹುಡುಗ್ರ ಟೀಮ್ ಅದು, ಭುಜದ ಮೇಲೆ ಕೈ ಹಾಕಿ ಏಳ್ರೋ ಅನ್ನೋ ಒಬ್ಬ ಹಿರಿಯಣ್ಣ ಬೇಕಿತ್ತು. ಅದೂ ಸೇರಿ ಸತತ ನಾಲ್ಕು ಡ್ರಾ, ಕೊನೆಗೆ ಯುನೈಟೆಡ್‌ಗಿಂತ ನಾಲ್ಕು ಪಾಯಿಂಟ್ ಹಿಂದೆ, ಮೂರನೇ ಸ್ಥಾನ.

ಅದೇ ಬೇಸಿಗೇಲಿ ಫ್ಲಾಮಿನಿ ಒಂದ್ ಪೈಸೆನೂ ಕ್ಲಬ್ಬಿಗೆ ಬರದ ಹಾಗೆ ಮಿಲಾನ್‌ಗೆ ಹೋದ. ಗಿಲ್ಬರ್ಟೊ 244 ಮ್ಯಾಚ್ ಮುಗಿಸಿ ಗ್ರೀಸ್‌ನ ಪನಥಿನೈಕೋಸ್‌ಗೆ ಹೋಗಿ 2010ರಲ್ಲಿ ಲೀಗೂ ಕಪ್ಪೂ ಎರಡೂ ಗೆದ್ದ. ಆಮೇಲೆ ನಮ್ಮಲ್ಲಿ ಆ ಜಾಗಕ್ಕೆ ಎಷ್ಟು ಜನ, ಡೆನಿಲ್ಸನ್, ಸಾಂಗ್, ಅರ್ಟೆಟಾ, ಕೊಕ್ಲಾನ್, ಟೊರೆರಾ, ಪಾರ್ಟಿ... ಒಬ್ಬೊಬ್ಬರಲ್ಲಿ ಒಂದೊಂದು ಒಳ್ಳೇದಿತ್ತು, ನಾನು ಯಾರನ್ನೂ ಬಯ್ಯಲ್ಲ. ಕೊನೆಗೆ 2023ರಲ್ಲಿ ಡೆಕ್ಲನ್ ರೈಸ್‌ಗೆ 10 ಕೋಟಿ ಪೌಂಡಿಗಿಂತ ಜಾಸ್ತಿ ಸುರೀಬೇಕಾಯ್ತು.

ಆ ಹುಡುಗನಿಗೆ ನಾನು ಇಷ್ಟೆಲ್ಲಾ ಹೇಳ್ಲಿಲ್ಲ. 2002 ಸೆಮಿಫೈನಲ್ ಕ್ಲಿಪ್ ಒಂದು ಕಳಿಸ್ದೆ, ಟರ್ಕಿ ಮೇಲೆ ರೊನಾಲ್ಡೊ ಬೂಟಿನ ತುದೀಲಿ ಚುಚ್ಚಿ ಹೊಡೆದ ಗೋಲಿಂದು. ಎಲ್ರೂ ಆ ಚುಚ್ಚಿದ್ದನ್ನ ಮಾತ್ರ ನೋಡಿರ್ತಾರೆ. ಅದಕ್ಕೂ ಮುಂಚೆ ಎಡಗಡೆ ಬಾಲ್ ತಗೊಂಡು ಟರ್ಕಿಯವರ ಮಧ್ಯೆ ನುಗ್ಗಿ ಬಂದು ರೊನಾಲ್ಡೊ ಕಾಲಿಗೆ ತಳ್ಳೋ ಉದ್ದನೆ ಆಸಾಮಿ ಒಬ್ಬ ಇದಾನೆ, ಎಂಟು ನಂಬರ್. ವಾಯ್ಸ್ ನೋಟಲ್ಲಿ ಹೇಳ್ದೆ, ಮೊದಲ ಸಲ ರೊನಾಲ್ಡೊನೇ ನೋಡಪ್ಪ, ಎರಡನೇ ಸಲ ಅವನನ್ನ ನೋಡು.