ಆ ಚಪ್ಪಾಳೆ ಯಾರಿಗೆ ಸಲ್ಲಬೇಕಿತ್ತು?

ನಮ್ಮ ಮನೆಯಲ್ಲಿ 15 ದಿನದಿಂದ ಒಂದು ಜಗಳ ನಡೆದಿದೆ. ಒಂದು ಕಡೆ 72 ವರ್ಷದ ನಮ್ಮಪ್ಪ, ಇನ್ನೊಂದು ಕಡೆ 8 ವರ್ಷದ ನನ್ನ ಮಗಳು. ಜಗಳ ಟಾಮ್ ಅಂಡ್ ಜೆರ್ರಿಯ ಒಂದು ಹಳೆಯ ಕಾರ್ಟೂನ್ ಬಗ್ಗೆ. ಕೊನೆಯಲ್ಲಿ ಬರುವ ಚಪ್ಪಾಳೆ ಬೆಕ್ಕಿಗೆ ಸೇರಬೇಕೋ ಇಲಿಗೆ ಸೇರಬೇಕೋ? ಇಬ್ಬರೂ ಬಿಟ್ಟುಕೊಡುತ್ತಿಲ್ಲ. ನಡುವೆ ಕೂತು ಅದನ್ನು ಹತ್ತು ಹನ್ನೆರಡು ಸಲ ನೋಡಿರುವ ನನಗೂ ಹೇಳುವುದು ಸುಮಾರಿದೆ.

ಕಾರ್ಟೂನ್‌ನ ಹೆಸರು 'ದಿ ಕ್ಯಾಟ್ ಕನ್ಚೆರ್ಟೊ'. ಟಾಮ್ ಕೋಟು ತೊಟ್ಟು ಪಿಯಾನೊ ಕಚೇರಿ ಕೊಡುತ್ತಾನಲ್ಲ, ಅದೇ. ಚಿತ್ರಮಂದಿರಗಳಿಗೆ ಬಂದದ್ದು 1947ರ ಏಪ್ರಿಲ್‌ನಲ್ಲಿ. ಎಂಜಿಎಂ ಸ್ಟುಡಿಯೊದ್ದು, ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ನಿರ್ದೇಶಿಸಿದ್ದು. ಪೂರ್ತಿ 8 ನಿಮಿಷವೂ ಇಲ್ಲ. ಒಂದೇ ಒಂದು ಮಾತಿಲ್ಲ. ಟಾಮ್ ನುಡಿಸುವುದು ಲಿಸ್ಟ್ ಎಂಬ ಹಂಗೇರಿಯ ಸಂಗೀತಗಾರ 1847ರಲ್ಲಿ ರಚಿಸಿದ 'ಹಂಗೇರಿಯನ್ ರಾಪ್ಸೊಡಿ' ಸಂಖ್ಯೆ 2. ಮೊದಲ ಭಾಗ ನಿಧಾನ, ಗಂಭೀರ. ಎರಡನೆಯ ಭಾಗ ಕುದುರೆ ಓಟ.

ನಾನು ಇದನ್ನು ಮೊದಲು ನೋಡಿದ್ದು ಕೇಬಲ್ ಬಂದ ಹೊಸದರಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಆ ಚಾನೆಲ್‌ನ ಇಂಗ್ಲಿಷ್ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಟಾಮ್ ಅಂಡ್ ಜೆರ್ರಿಗೆ ಅದು ಬೇಕಾಗಿಯೂ ಇರಲಿಲ್ಲ. ಆಗ ನಾನು ಪೂರ್ತಿ ಜೆರ್ರಿ ಕಡೆ. ನನ್ನ ವಯಸ್ಸಿನ ಎಲ್ಲರೂ ಹಾಗೇ ಇದ್ದರು ಅಂದುಕೊಳ್ಳುತ್ತೇನೆ.

ಈ ರಜೆಯಲ್ಲಿ ಅಪ್ಪ ಊರಿಂದ ಬಂದಿದ್ದಾರೆ. ಅಪ್ಪ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರು. ಭಜನೆ, ಊರ ನಾಟಕ, ಯಾರಾದರೂ ಹಾಡುವವರು ಬಂದರೆ ಅವರಿಗೆ ಸಾಥ್. ಹೀಗೆ 40 ವರ್ಷಕ್ಕೂ ಜಾಸ್ತಿ. ಮಗಳು ಟಿವಿಯಲ್ಲಿ ಈ ಕಾರ್ಟೂನ್ ಹಾಕಿದಾಗ ಅವರು ಪೇಪರ್ ಓದುತ್ತಿದ್ದರು. ಪಿಯಾನೊ ಶುರುವಾದ ಮೇಲೆ ಕನ್ನಡಕ ಸರಿ ಮಾಡಿಕೊಂಡು ತಲೆ ಎತ್ತಿದರು. ಮುಗಿದ ಕೂಡಲೇ, "ಪುಟ್ಟಿ, ಮತ್ತೊಮ್ಮೆ ಹಚ್ಚವ್ವಾ ಅದನ್ನ" ಅಂದರು. ನಗುತ್ತಿರಲಿಲ್ಲ. ಎರಡನೇ ಸಲ ಮುಂದಕ್ಕೆ ಬಾಗಿ ಕೂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬೆರಳ ನೋಡಿದೇನು ಅದರದ್ದು? ಸುಳ್ಳ ಬೆರಳಲ್ಲ" ಅಂದರು.

ನಾನು ಇಷ್ಟು ವರ್ಷ ಆ ಬೆರಳುಗಳನ್ನು ನೋಡಿಯೇ ಇರಲಿಲ್ಲ. ನೋಡುತ್ತಿದ್ದದ್ದು ಇಲಿಯನ್ನು. ಈಗ ನೋಡಿದರೆ ಅಪ್ಪ ಹೇಳಿದ್ದು ನಿಜ. ಸಿನಿಮಾದಲ್ಲಿ ಹೀರೊ ವಾದ್ಯ ನುಡಿಸುವಾಗ ಕೈ ಒಂದು ಕಡೆ, ಸ್ವರ ಇನ್ನೊಂದು ಕಡೆ ಇರುತ್ತದೆ ಅಲ್ವಾ? ಇಲ್ಲಿ ಹಾಗಿಲ್ಲ. ಸ್ವರ ಮೇಲೆ ಹೋದರೆ ಕೈ ಬಲಕ್ಕೆ ಹೋಗುತ್ತದೆ. ಸ್ವರ ಕೆಳಗಿಳಿದರೆ ಕೈ ಎಡಕ್ಕೆ ಬರುತ್ತದೆ. ಒಂದೇ ಮನೆಯ (ಬೆರಳಲ್ಲಿ ಒತ್ತುವ ಪಟ್ಟಿಯ) ಮೇಲೆ ಸ್ವರ ಮತ್ತೆ ಮತ್ತೆ ಬಂದರೆ ಬೆರಳೂ ಅಲ್ಲೇ ಕುಟ್ಟುತ್ತದೆ. ಇದನ್ನೆಲ್ಲ ಕೈಯಲ್ಲಿ ಬರೆದಿದ್ದಾರೆ. ಕೆನೆತ್ ಮ್ಯೂಸ್, ಎಡ್ ಬಾರ್ಜ್, ಅರ್ವನ್ ಸ್ಪೆನ್ಸ್ ಮುಂತಾದವರು ಕಾಗದದ ಮೇಲೆ ಒಂದೊಂದೇ ಚಿತ್ರ ಬಿಡಿಸಿದ್ದಾರೆ. ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಸಾಮಾನ್ಯ ಕಾರ್ಟೂನ್‌ನಲ್ಲಿ ಬೆಕ್ಕು ಎಡವಿದ ಕಡೆ ಸಂಗೀತವನ್ನು ಕೂರಿಸಬಹುದು. ಇಲ್ಲಿ ಲಿಸ್ಟ್‌ನ ಸಂಗೀತ 100 ವರ್ಷ ಹಿಂದೆಯೇ ಬರೆದಿಟ್ಟದ್ದು. ಅದನ್ನು ಅಲ್ಲಲ್ಲಿ ಕತ್ತರಿಸಬಹುದು ಅಷ್ಟೆ. ಬೆಕ್ಕಿನ ಪ್ರತಿ ಪೆಟ್ಟೂ ಅದರ ತಾಳಕ್ಕೆ ಬೀಳಬೇಕು. ಹನ್ನಾಗೆ ಸಂಗೀತ ಗೊತ್ತಿತ್ತು, ತಾಳದ ಲೆಕ್ಕ ಅವರದ್ದು. ತಮಾಷೆ ಹೊಳೆಯುತ್ತಿದ್ದದ್ದು, ಚಿತ್ರವಾಗಿ ಮೂಡುತ್ತಿದ್ದದ್ದು ಬಾರ್ಬೆರಾ ಕೈಯಲ್ಲಿ. ಈ ಸರಣಿಯ ಸಂಗೀತಗಾರ ಸ್ಕಾಟ್ ಬ್ರಾಡ್ಲಿ. ಈ ಮೂರೂ ಜನ ಒಂದೇ ಮೇಳದವರಂತೆ ಕೆಲಸ ಮಾಡದಿದ್ದರೆ ಇದು ಆಗುತ್ತಿರಲಿಲ್ಲ.

ಟಾಮ್ ಅಂಡ್ ಜೆರ್ರಿ ಅಂದರೆ ಓಟ. ಸೋಫಾ ಸುತ್ತ, ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ. ನನಗೆ ಈ ಕಾರ್ಟೂನ್ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ ಕಾರಣಕ್ಕೆ: ಇಲ್ಲಿ ಟಾಮ್ ಓಡುವ ಹಾಗಿಲ್ಲ. ಜನ ಕೂತಿದ್ದಾರೆ. ಕಚೇರಿ ಶುರುವಾಗಿದೆ. ಜೆರ್ರಿ ಪಿಯಾನೊ ಒಳಗೆ, ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಮೇಲೆ ಮಲಗಿದ್ದವನು. ಸ್ವರ ಹೊಡೆದಾಗ ಅವನಿಗೆ ಎಚ್ಚರವಾಗುತ್ತದೆ. ಮೇಲೆ ಹತ್ತಿ ಕೂತು, ಟಾಮ್‌ಗೇ ತಾಳ ತೋರಿಸುವವನ ಹಾಗೆ ಕೈ ಆಡಿಸುತ್ತಾನೆ. ಟಾಮ್ ಬೆರಳಲ್ಲಿ ಚಿಮ್ಮಿ ಅವನನ್ನು ಆಚೆ ಹಾಕಿ ನುಡಿಸುತ್ತಲೇ ಇರುತ್ತಾನೆ. ಇಲಿ ಮನೆಗಳ ಅಡಿಯಲ್ಲಿ ಓಡುತ್ತದೆ, ಬೆಕ್ಕಿನ ಕೈ ಮೇಲಿಂದ ಒತ್ತುತ್ತಾ ಹಿಂದೆ ಹೋಗುತ್ತದೆ. ಬೆನ್ನಟ್ಟಿದ್ದೂ ಅದೇ, ನುಡಿಸಿದ್ದೂ ಅದೇ! ಒಂದೇ ಕೈ, ಎರಡು ಕೆಲಸ. ಕಪಾಟಿನ ಹಿಂದೆ ಸುತ್ತಿಗೆ ಹಿಡಿದು ನಿಲ್ಲುವ ತಮಾಷೆಗಿಂತ ಇದು ಎಷ್ಟೋ ಮೇಲೆ.

ಆಮೇಲೆ ಜೆರ್ರಿ ಏನೇನು ಮಾಡುತ್ತಾನೆ ನೋಡಿ. ಪಿಯಾನೊ ಮುಚ್ಚಳವನ್ನು ಟಾಮ್‌ನ ಬೆರಳ ಮೇಲೆ ಹಾಕುತ್ತಾನೆ. ಕತ್ತರಿ ಹಿಡಿದು ಬೆರಳಿಗೆ ಕಾಯುತ್ತಾನೆ. ಮನೆಗಳನ್ನು ತೆಗೆದು ಆ ಜಾಗದಲ್ಲಿ ಇಲಿಬೋನು ಇಡುತ್ತಾನೆ. ಬೋನಿನ ಆ ಕಡೆ ಈ ಕಡೆ ಬೆರಳು ಬಿದ್ದು ತಪ್ಪಿಸಿಕೊಳ್ಳುವಾಗ ನಮಗೆ ಉಸಿರು ಕಟ್ಟುತ್ತದೆ. ಕೊನೆಗೆ ಸಿಕ್ಕಿಬೀಳುತ್ತದೆ. ಸುತ್ತಿಗೆಗಳ ಮೇಲೆ ಕುಣಿದು ಲಿಸ್ಟ್‌ನ ನಡುವೆ ಆಗಿನ ಅಮೆರಿಕದ ಒಂದು ಜನಪ್ರಿಯ ಹಾಡಿನ ಧಾಟಿ ಬರಿಸುತ್ತಾನೆ. ಕೂತ ಸ್ಟೂಲನ್ನು ಮೇಲೆತ್ತಿ ಧಡಕ್ಕನೆ ಕೆಳಗಿಳಿಸುತ್ತಾನೆ. ಇಷ್ಟಾದರೂ ಟಾಮ್ ಕಚೇರಿ ಬಿಟ್ಟು ಓಡುವುದಿಲ್ಲ. ಇಲಿ ಹಿಡಿಯಲು ಕೈ ಬೇಕಾದಾಗ ಕಾಲಲ್ಲಿ ನುಡಿಸುತ್ತಾನೆ.

ಈಚೆಗೆ ಎಲ್ಲರೂ ಹೇಳುವ ಮಾತೊಂದಿದೆ. ಚಿಕ್ಕವರಿದ್ದಾಗ ಜೆರ್ರಿ ಒಳ್ಳೆಯವನು ಅನಿಸುತ್ತಿತ್ತು, ದೊಡ್ಡವರಾದ ಮೇಲೆ ಟಾಮ್ ಪಾಪ ಅನಿಸುತ್ತದೆ ಅಂತ. ನಾನೂ ಒಪ್ಪುತ್ತೇನೆ. ಆದರೆ ಸುಮ್ನೆ ಪಾಪ ಅಂದರೆ ಸಾಲದು. ಈ 8 ನಿಮಿಷದಲ್ಲಿ ನನಗೆ ಟಾಮ್ ಮೇಲೆ ಹುಟ್ಟುವುದು ಗೌರವ. ಒಪ್ಪಿಕೊಂಡ ಕೆಲಸವನ್ನು ಜನರ ಮುಂದೆ ಮುಗಿಸಲೇಬೇಕು ಎಂದು ಕೂತವನು ಅವನು. ನಾನು ದಿನಾ ಕೆಲಸಕ್ಕೆ ಹೋಗುವವನು, ನನಗೆ ಅದು ತಾಗುತ್ತದೆ. ಜೆರ್ರಿಯನ್ನು ಖಳ ಅಂತ ಕರೆಯಲು ಮಾತ್ರ ನನಗೆ ಮನಸ್ಸಿಲ್ಲ. ನಿದ್ದೆ ಕೆಟ್ಟದ್ದು ಅವನದ್ದೇ ತಾನೆ? ಮಲಗಿದ್ದ ಜಾಗವೇ ಅವನ ಬೆನ್ನಿಗೆ ಹೊಡೆಯಿತು.

ಈಗ ಜಗಳಕ್ಕೆ ಬರುತ್ತೇನೆ. ಕೊನೆಗೆ ಟಾಮ್ ಸಿಟ್ಟಿಗೆದ್ದು ಜೆರ್ರಿಯನ್ನು ಸುತ್ತಿಗೆಗಳ ನಡುವೆ ತುರುಕಿ ಹುಚ್ಚೆದ್ದು ನುಡಿಸುತ್ತಾನೆ. ಇಲಿಗೆ ಎಲ್ಲ ಕಡೆಯಿಂದ ಏಟು. ಜೆರ್ರಿ ಎರಡು ಸುತ್ತಿಗೆ ಕಿತ್ತುಕೊಂಡು ಒಳಗಿಂದ ತಾನೇ ಬಾರಿಸಲು ಶುರು ಮಾಡುತ್ತಾನೆ. ಮುಗಿಯಿತು ಎಂದು ಟಾಮ್ ಉಸಿರು ಬಿಡುವಷ್ಟರಲ್ಲಿ ಜೆರ್ರಿ ಮತ್ತೆ ಶುರು ಮಾಡುತ್ತಾನೆ. ಟಾಮ್ ಕೊನೆಗೆ ಅಂಗಿ ಚಿಂದಿಯಾಗಿ ಪಿಯಾನೊ ಮೇಲೆ ಕುಸಿಯುತ್ತಾನೆ. ಚಪ್ಪಾಳೆ ಬೀಳುತ್ತದೆ. ಬೆಳಕು ಜೆರ್ರಿಯ ಮೇಲೆ ಹೋಗುತ್ತದೆ. ಅವನು ತಲೆಬಾಗಿ ಸ್ವೀಕರಿಸುತ್ತಾನೆ.

"ಇದು ಅನ್ಯಾಯ" ಅಂದರು ಅಪ್ಪ. "ದುಡದಾಂವ ಒಬ್ಬಾಂವ, ಚಪ್ಪಾಳಿ ಇನ್ನೊಬ್ಬಾಂವಗ." ಹೇಳುವಾಗ ದನಿ ಸ್ವಲ್ಪ ಬಿಗಿಯಾಯಿತು. ನಾನು ಚಿಕ್ಕವನಿದ್ದಾಗ ಒಂದು ಊರಿನ ನಾಟಕದಲ್ಲಿ ಹಾಡುವವರು ಶ್ರುತಿ ಬಿಟ್ಟು ಎಲ್ಲೋ ಹೋಗಿದ್ದರು. ಅಪ್ಪ ಪೇಟಿಯಲ್ಲಿ ಅವರ ಹಿಂದೆಯೇ ಹೋಗಿ, ಹಿಡಿದು, ಯಾರಿಗೂ ಗೊತ್ತಾಗದಂತೆ ತಂದು ಕೂರಿಸಿದ್ದರು. ಒನ್ಸ್‌ಮೋರ್ ಬಿದ್ದದ್ದು ಹಾಡಿದವರಿಗೆ. ಮಾರನೆಯ ದಿನ ಸನ್ಮಾನದಲ್ಲಿ ಅಪ್ಪನ ಹೆಸರು ಯಾರೂ ತೆಗೆಯಲಿಲ್ಲ. ಅವರು ಈವರೆಗೂ ಅದನ್ನು ಹೇಳಿಕೊಂಡವರಲ್ಲ. ಅವತ್ತು ಟಿವಿ ಮುಂದೆ ನನಗೆ ಅದು ನೆನಪಾಯಿತು.

ಮಗಳ ವಾದವೂ ಗಟ್ಟಿಯಾಗಿದೆ. "ಅಜ್ಜಾ, ಕೊನೆಗೆ ಬಾರಿಸಿದ್ದು ಜೆರ್ರಿ. ಟಾಮ್‌ಗೆ ಸುಸ್ತಾಗಿತ್ತು. ಒಳಗೆ ಕೂತು ಏಟು ತಿಂದದ್ದೂ ಜೆರ್ರಿ. ಅವನನ್ನು ಯಾರೂ ನೋಡಲೇ ಇಲ್ಲ, ಕೊನೆಗಾದರೂ ನೋಡಬೇಕಲ್ವಾ?"

ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. "ಖರೇ ಪಿಯಾನೊ ಬಾರಿಸಿದಾಂವ ಯಾರು? ಹೆಸರ ಹಾಕ್ಯಾರೇನು?" ಅಂತ ನನ್ನನ್ನು ಕೇಳಿದರು. ಶುರುವಿನ ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಿರ್ದೇಶಕರು, ಚಿತ್ರ ಬಿಡಿಸಿದವರು, ಸಂಗೀತ, ನಿರ್ಮಾಪಕರು. ಪಿಯಾನೊ ನುಡಿಸಿದವರ ಹೆಸರಿಲ್ಲ. ಇನ್ನೊಂದು ವಿಷಯವೂ ಇದೆ. ಈ ಕಾರ್ಟೂನ್‌ಗೆ 1946ರ ಸಾಲಿನ ಆಸ್ಕರ್ ಬಂತು. ಟಾಮ್ ಅಂಡ್ ಜೆರ್ರಿಗೆ ಒಟ್ಟು 7 ಆಸ್ಕರ್ ಬಂದಿವೆ. ಎಲ್ಲವೂ ನಿರ್ಮಾಪಕ ಫ್ರೆಡ್ ಕ್ವಿಂಬಿ ಹೆಸರಿಗೆ. ಆಗಿನ ನಿಯಮವೇ ಹಾಗಿತ್ತು. ಕಥೆ ಕಟ್ಟಿ, ತಾಳ ಹಾಕಿ, ನಿರ್ದೇಶಿಸಿದ ಹನ್ನಾ, ಬಾರ್ಬೆರಾ ಕೈಗೆ ಅವು ಬರಲಿಲ್ಲ. ಅಪ್ಪನಿಗೆ ಇದನ್ನು ಹೇಳಿದೆ. "ಹಂಗಾರ ನಾ ಹೇಳಿದ್ದ ಖರೆ ಆತಲ್ಲ" ಅಂದರು.

ಇದೇ ಹೊತ್ತಿನಲ್ಲಿ ವಾರ್ನರ್ ಬ್ರದರ್ಸ್‌ನವರು 'ರಾಪ್ಸೊಡಿ ರ‍್ಯಾಬಿಟ್' ತಂದಿದ್ದರು. ಬಗ್ಸ್ ಬನ್ನಿ ಎಂಬ ಮೊಲ, ಪಿಯಾನೊ, ಅದೇ ಲಿಸ್ಟ್, ಅಲ್ಲೂ ಒಂದು ಇಲಿ. ಯಾರು ಯಾರಿಂದ ಕದ್ದರು ಎಂದು ಎರಡೂ ಸ್ಟುಡಿಯೊಗಳು ಒಂದನ್ನೊಂದು ದೂರಿದವು. ನಾನು ಎರಡನ್ನೂ ನೋಡಿದ್ದೇನೆ. ಬಗ್ಸ್ ಬನ್ನಿ ನಡುನಡುವೆ ನಮ್ಮ ಕಡೆ ತಿರುಗುತ್ತಾನೆ, ಮಾತಾಡುತ್ತಾನೆ. ಅದರ ರುಚಿಯೇ ಬೇರೆ. ನನ್ನ ಓಟು ಟಾಮ್‌ಗೆ.

ಇಂಥ ಕಾರ್ಟೂನ್‌ನಿಂದ ಮಕ್ಕಳು ಹೊಡೆದಾಟ ಕಲಿಯುತ್ತಾರೆ ಎಂದು ನಮ್ಮ ಬಿಲ್ಡಿಂಗ್‌ನಲ್ಲೇ ಇಬ್ಬರು ತಾಯಂದಿರು ಹೇಳಿದರು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ತೀರಾ ಸಣ್ಣ ಮಕ್ಕಳನ್ನು ಒಂಟಿಯಾಗಿ ಟಿವಿ ಮುಂದೆ ಬಿಡಬಾರದು. ಆದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದವನಾಗಿ ಹೇಳುತ್ತೇನೆ, ಬೋನಿಗೆ ಬಿದ್ದ ಬೆರಳು ಮರುಕ್ಷಣ ಸರಿಯಾಗುತ್ತದೆ ಎನ್ನುವುದು ಆಟ ಎಂದು ಅವಳಿಗೆ ಗೊತ್ತಿದೆ. ನನಗೆ ನಿಜಕ್ಕೂ ಬೇಸರ ತರುವುದು ಬೇರೆ. ಈ ಸರಣಿಯ ಕೆಲವು ಕಂತುಗಳಲ್ಲಿ ಕಪ್ಪು ಜನರನ್ನು ಆಡಿಕೊಂಡಿದ್ದಾರೆ. ಸ್ಫೋಟವಾಗಿ ಮುಖ ಕಪ್ಪಾದರೆ ಅದನ್ನೇ ನಗೆಗೆ ಬಳಸಿದ್ದಾರೆ. ಆ ಕಾಲ ಹಾಗಿತ್ತು ಅಂತ ಬಿಡಲಾಗುವುದಿಲ್ಲ. ಅಂಥದ್ದು ಬಂದರೆ ನಿಲ್ಲಿಸಿ, ಇದು ಯಾಕೆ ತಪ್ಪು ಎಂದು ಮಗಳಿಗೆ ಹೇಳುತ್ತೇನೆ. ಪಿಯಾನೊ ಕಚೇರಿಯಲ್ಲಿ ಆ ಕಳಂಕವಿಲ್ಲ.

ಟಾಮ್ ಅಂಡ್ ಜೆರ್ರಿಗೆ ನಮ್ಮ ಕಡೆಯ ಮಾತು ಸೇರಿಸಿದ ತುಣುಕುಗಳನ್ನು ಗೆಳೆಯರು ಕಳಿಸುತ್ತಾರೆ. ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇನೆ. ಇದೊಂದಕ್ಕೆ ಮಾತ್ರ ಯಾರೂ ಮಾತು ಸೇರಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮಾತು ಬಂದರೆ ಪಿಯಾನೊ ಕೇಳುವುದಿಲ್ಲ.

ನನ್ನ ತೀರ್ಪು ಟಾಮ್ ಪರ. ಕೊನೆಯ ಸ್ವರಗಳನ್ನು ಹೊಡೆದದ್ದು ಜೆರ್ರಿ, ಹೌದು. ಆದರೆ ಅಷ್ಟು ದೂರ ಕಚೇರಿಯನ್ನು ಹೊತ್ತು ತಂದದ್ದು ಬೆಕ್ಕು. ಮಗಳಿಗೆ ಇದನ್ನು ಹೇಳಿದ್ದಕ್ಕೆ ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಸೋಮವಾರ ಅಪ್ಪ ಊರಿಗೆ ಹೊರಡುತ್ತಿದ್ದಾರೆ. ನಿನ್ನೆ ರಾತ್ರಿ ಇಬ್ಬರೂ ಮಂಚದ ಮೇಲೆ ಕೂತು ಕಾರ್ಟೂನನ್ನು ಅಪ್ಪನ ಫೋನಿಗೆ ಹಾಕಿಕೊಳ್ಳುತ್ತಿದ್ದರು. "ಶನಿವಾರ ಭಜನಿಗೆ ಎಲ್ಲಾರೂ ಸೇರ್ತಾರ. ತಬಲಾದಾಂವ ಬರ್ತಾನ, ತಾಳದಾಂವ ಬರ್ತಾನ. ಅವರಿಗೆ ತೋರಸ್ತೀನಿ, ಅವರ ಹೇಳಲಿ" ಅಂದರು ಅಪ್ಪ. ಮಗಳು ಸ್ವಲ್ಪ ಯೋಚಿಸಿ, "ಹಾಡೋವ್ರೂ ಬರ್ತಾರಲ್ವಾ ಅಜ್ಜಾ? ಅವರನ್ನೂ ಕೇಳು" ಅಂದಳು.